ನೀರಿನ ಸರದಿ

ಅಲ್ಲ ಕನೀಜ್, ಮೆಹದಿಗೆ ನೋವೇ ಗೊತ್ತಾಗಿರಲ್ಲ. ಸಿಪಾಯಿಗಳೇ ಹೇಳಿದ್ರು. ಕೂತ್ಕೋ. ಕೆಳಗಿನ ಊರಿನ ತವರಿಂದ ಒಂದೇ ಉಸಿರಿಗೆ ಹತ್ತಿ ಬಂದಿದ್ದೀಯ, ಚಹಾ ಕುಡಿ. ಉಪ್ಪು ಹಾಕಿದೀನಿ. ಬೆಣ್ಣೆ ಇಲ್ಲ... ಇರಲಿ.

ಇವತ್ತಿನ ನೀರಿನ ಸರದಿ ನಿನ್ನ ಗಂಡಂದು, ನನ್ನ ತಮ್ಮಂದು. ಹೋಗದೆ ಇರಕ್ಕಾಗುತ್ತಾ? ಮೇಲೆ ಕಾಲುವೆ ಬಾಯಿಗೆ ಹೋಗಿ ಕಲ್ಲು ಸರಿಸಿ ಬರೋದು, ಅಷ್ಟೇ ಕೆಲಸ. ಎಂಟು ಮನೆ, ಎಂಟು ದಿನಕ್ಕೊಂದು ಸರದಿ. ತಪ್ಪಿತೋ, ಜವೆಗೋಧಿ ಸುಟ್ಟೇ ಹೋಯ್ತು.

ಇಲ್ಲ, ನಿನಗೇನೂ ಹೇಳಿ ಹೋಗಲಿಲ್ಲ. ಪಾಪ, ಕಾರ್ಗಿಲ್ ರಸ್ತೆ ಕೆಲಸದಿಂದ ನಿನ್ನೆ ಸಂಜೆ ತಾನೆ ಬಂದಿದ್ದ. 'ಯಾವತ್ತು ಯಾರ ಸರದಿ ಅನ್ನೋದೇ ಮರೆತೋಗಿದೆ ಅಣ್ಣ' ಅಂದ. ನನ್ನ ಟೋಪಿ ನೋಡಿ, 'ಇದರಲ್ಲಿ ಕೋಳಿ ಕಾವಿಗೆ ಕೂರಿಸಬಹುದು' ಅಂತ ನಕ್ಕ.

ಯಾಕೆ ಹಾಗೆ ನೋಡ್ತೀಯ? ಹೌದು, ಎಬ್ಬಿಸಿದ್ದು ನಾನೇ. ಅಣ್ಣ ಎಬ್ಬಿಸದೆ ಇನ್ಯಾರು ಎಬ್ಬಿಸ್ತಾರೆ?

ಗುಡ್ಡದ ನೆತ್ತಿ ಮೇಲೆ ಆ ದೇಶದ ಸಿಪಾಯಿಗಳು, ಕೆಳಗೆ ಈ ದೇಶದವರು. ಈ ಎಂಟು ಮನೆ ಯಾರ ದೇಶದ್ದು ಅಂತ ಜಗಳ. ಕಾಲುವೆ ಬಾಯಿ ಇಬ್ಬರ ಮಧ್ಯೆ. ಇವತ್ತೇ ಗುಂಡು ಹಾರಿಸೋದು ಶುರುವಾಗುತ್ತೆ ಅಂತ ಯಾರಿಗೆ ಗೊತ್ತಿತ್ತು? ಸಿಪಾಯಿಗಳ ಹೊರೆ ಹೊರ್ತೀನಿ ನಿಜ. ಹಾಗಂತ ಎಲ್ಲಾನೂ ನನಗೆ ಹೇಳ್ತಾರಾ? ನಾನೇನು ಅವರ ಮಾವನಾ?

ಹೆಣ ಅಲ್ಲೇ ಇದೆ. ಗುಂಡು ನಿಲ್ಲೋ ತನಕ ಯಾರೂ ಹತ್ತಬಾರದಂತೆ. ಆದರೆ ಕಲ್ಲು ಸರಿಸೇ ಬಿದ್ದಿದ್ದಾನೆ ನೋಡು. ನೀರು ಬಂತು. ಮಧ್ಯಾಹ್ನದ ತನಕ ಬಂತು.

ನಿನ್ನ ಜವೆ ಒಣಗಕ್ಕೆ ಬಿಡಲ್ಲ ಕನೀಜ್. ನಾಳೆ ನಿಮ್ಮ ಸರದಿಗೆ ನಾನೇ ಹೋಗಿ...

ಚಹಾ ಯಾಕೆ ಕೆಳಗಿಟ್ಟೆ?

ಬೈಯಿ ಬೇಕಾದ್ರೆ.

ಹೊಲ ನೋಡ್ಕೊಂಡೇ ಬಂದ್ಯಾ? ...ನೋಡಿರ್ತೀಯ. ದಾರಿ ಅಲ್ಲೇ ಅಲ್ವಾ. ನಿಮ್ಮದು ಬಿರುಕು ಬಿಟ್ಟಿದೆ, ನಂದು ಒದ್ದೆ.

ಹೌದು. ಇವತ್ತಿನ ಸರದಿ ನಂದು. ಅವನ ಕಾಲು ಚುರುಕು, ಬೆಳಕು ಹರಿಯೋ ಮುಂಚೆ ಹೋಗಿ ಬಂದ್ಬಿಡ್ತಾನೆ ಅಂದ್ಕೊಂಡೆ. ಮೇಲೆ ಗುಂಡು ಹಾರ್ತಾ ಇತ್ತು. ನೀರು ಬಂತಲ್ಲ, ಮಣ್ಣು ಕಡಿದು ಹೊಲಕ್ಕೆ ಬಿಟ್ಕೊಂಡೆ. ಕೈ ತಾನೇ ಮಾಡ್ತು.

ಬೆಳಗ್ಗೆ ಯಾರೂ ಹತ್ತಬೇಡಿ ಅಂತ ಸಿಪಾಯಿಗಳು ನಿನ್ನೇನೇ ಹೇಳಿದ್ರು ಕನೀಜ್. ಎಲ್ಲರಿಗೂ ಹೇಳು ಅಂತ ನನಗೊಬ್ಬನಿಗೇ ಹೇಳಿ ಕಳಿಸಿದ್ರು.