ಸಲೋಮೆಯ ಗ್ಲಾಸಿಗೆ ನನ್ನ ಕೈ ತಾಗಿದ ವಿಚಾರ

ಹೆಸರು ಕಾಸ್ಪರ್ ಹೆಫ್ಟಿ, ತಂದೆ ಯೋಸ್ಟ್ ಹೆಫ್ಟಿ, ವಯಸ್ಸು 71 ವರ್ಷ, ಕಸುಬು ಹಾಲಿನ ಟ್ಯಾಂಕರ್ ಚಾಲಕ, ಈಗ ನಿವೃತ್ತ, ವಾಸ ಹಿಂಟರ್‌ಬಾಖ್ ಹಳ್ಳಿ, ಗ್ಲಾರುಸ್ ಪ್ರಾಂತ್ಯ, ಸ್ವಿಟ್ಜರ್ಲೆಂಡ್. ಓದು ಆರನೇ ತರಗತಿ, ಅದೂ ಚಳಿಗಾಲದಲ್ಲಿ ಮಾತ್ರ, ಬೇಸಿಗೆಯಲ್ಲಿ ದನಗಳ ಜೊತೆ ಬೆಟ್ಟಕ್ಕೆ ಕಳಿಸುತ್ತಿದ್ದರು. ಇಂದು ಗುರುವಾರ ನನ್ನ ಹೆಂಡತಿ ಸಲೋಮೆ ಹೆಫ್ಟಿ, 68 ವರ್ಷ, ನಮ್ಮ ಮನೆಯಲ್ಲಿ ತೀರಿಕೊಂಡ ಬಗ್ಗೆ ಪೊಲೀಸ್ ಅಧಿಕಾರಿ ಶ್ರೀಮತಿ ಮಾರ್ಟಿಯವರು ಮನೆಗೇ ಬಂದು ಕೇಳಲಾಗಿ ನಾನು ಹೇಳಿ ಬರೆಸುವುದೇನೆಂದರೆ:

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಗಾಬರಿಯಲ್ಲಿ ಬಿಟ್ಟುಹೋದರೆ ಮುಚ್ಚಿಟ್ಟ ಅಂತ ಆಗಬಾರದು. ಸಾಯಲು ಕುಡಿಯುವ ಔಷಧಿಯ ಗ್ಲಾಸನ್ನು ಅವಳೇ ಎತ್ತಬೇಕು, ಅವಳೇ ಕುಡಿಯಬೇಕು, ಕುಡಿಸಲು ಬೇರೆಯವರ ಕೈ ಸೇರಿದರೆ ಅದು ಕೊಲೆಯ ಲೆಕ್ಕಕ್ಕೆ ಹೋಗುತ್ತದೆ, ನಮ್ಮ ಕಾನೂನು ಹೀಗಿದೆ ಅಂತ ನನಗೆ ಬಿಡಿಸಿ ಬಿಡಿಸಿ ಹೇಳಿದ್ದರು. ಹಾಗಿದ್ದೂ ನನ್ನ ಕೈ ಗ್ಲಾಸಿಗೆ ತಾಗಿದೆ. ಅಧಿಕಾರಿಯವರು ಹೊಸ್ತಿಲಲ್ಲಿ ಬೂಟಿನ ಹಿಮ ಒದರುತ್ತಿರುವಾಗಲೇ ನಾನು ಇದನ್ನು ಹೇಳಿದೆ. ಅವರು, ಮೊದಲು ಒಳಗೆ ಬರೋಕೆ ಬಿಡಿ ಹೆಫ್ಟಿಯವರೇ, ಆಮೇಲೆ ಮೊದಲಿಂದ ಹೇಳಿ ಅಂದರು. ಆದ್ದರಿಂದ ಮೊದಲಿನಿಂದ ಹೇಳುತ್ತೇನೆ.

ಸಲೋಮೆ ನಮ್ಮ ಕಣಿವೆಯ ಬಟ್ಟೆ ಅಚ್ಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವಳು. ಕೈ ಬಹಳ ಚುರುಕು. ಎರಡು ವರ್ಷದ ಹಿಂದೆ ಅವಳಿಗೆ ಕೋಟಿನ ಗುಂಡಿ ಹಾಕಲು ಬರದಾಯಿತು. ಆಮೇಲೆ ಬೀಗ ತಿರುಗಿಸಲು ಬರದಾಯಿತು. ಇದು ನರಗಳು ಒಂದೊಂದಾಗಿ ಸಾಯುವ ಕಾಯಿಲೆ, ಕೈಕಾಲು ಹೋಗುತ್ತದೆ, ನುಂಗುವುದು ಹೋಗುತ್ತದೆ, ಕೊನೆಗೆ ಉಸಿರು ನಿಲ್ಲುತ್ತದೆ, ಬುದ್ಧಿಗೆ ಮಾತ್ರ ಏನೂ ಆಗುವುದಿಲ್ಲ, ಮದ್ದಿಲ್ಲ ಅಂತ ದೊಡ್ಡಾಸ್ಪತ್ರೆಯಲ್ಲಿ ಹೇಳಿದರು. ವಾಪಸ್ ಬರುವಾಗ ರೈಲಿನಲ್ಲಿ ಅವಳು, ಬುದ್ಧಿ ಹೋಗಿ ಕೈ ಉಳಿದಿದ್ರೆ ನಿನಗೆ ಅನುಕೂಲ ಆಗ್ತಿತ್ತು ಅಲ್ವೇನೋ, ಅಡುಗೆನೂ ಆಗ್ತಿತ್ತು, ಬೈಗುಳನೂ ತಪ್ತಿತ್ತು ಅಂದಳು. ನಾನು ನಗಲಿಲ್ಲ. ನಗಬೇಕಿತ್ತು.

ಕಳೆದ ಶರತ್ಕಾಲದಲ್ಲಿ ಅವಳು ಸಾಯಲು ಬಯಸುವವರಿಗೆ ನೆರವಾಗುವ ಸಂಘಕ್ಕೆ ತನ್ನ ಮನಸ್ಸಿನಿಂದಲೇ ಸದಸ್ಯೆಯಾದಳು. ಯಾರೂ ಒತ್ತಾಯ ಮಾಡಿಲ್ಲ. ನಾನಂತೂ ಮಾಡಿಲ್ಲ, ಬೇಡ ಅಂತಲೇ ಹೇಳುತ್ತಿದ್ದೆ. ಇಬ್ಬರು ವೈದ್ಯರು ಬೇರೆ ಬೇರೆ ದಿನ ಬಂದು ಬಾಗಿಲು ಹಾಕಿಕೊಂಡು ಅವಳನ್ನು ಮಾತನಾಡಿಸಿ ಬುದ್ಧಿ ಸ್ಥಿಮಿತದಲ್ಲಿದೆ ಎಂದು ಬರೆದುಕೊಟ್ಟಿದ್ದಾರೆ. ಆ ಕಾಗದಗಳನ್ನು ಹಾಜರುಪಡಿಸಿದ್ದೇನೆ.

ಮಾರ್ಚ್ ತಿಂಗಳು ಅಂತ ಅವಳು ಗೊತ್ತುಮಾಡಿದಾಗ ನಮ್ಮಿಬ್ಬರಿಗೂ ಜಗಳವಾಯಿತು. ಜೂನ್‌ನಲ್ಲಿ ದನಗಳು ಬೆಟ್ಟ ಹತ್ತುವ ತನಕವಾದರೂ ಇರು, ಗಂಟೆ ಸದ್ದು ಕೇಳಿಕೊಂಡು ಹೋಗು ಅಂತ ನಾನು ಕೇಳಿಕೊಂಡೆ. ಅವಳು ಬಲಗೈ ಎತ್ತಿ ತೋರಿಸಿದಳು. ಅದು ಮೊಣಕೈ ಮಟ್ಟಕ್ಕೂ ಸರಿಯಾಗಿ ಬರಲಿಲ್ಲ. ಇದೇ ಕೈಯಿಂದ ನಾನೇ ಕುಡೀಬೇಕು ಅಂತಾರಲ್ಲ ಕಾಸ್ಪರ್, ಜೂನ್‌ಗೆ ಇದು ಚಮಚನೂ ಹಿಡಿಯಲ್ಲ, ಆಗ ನೀನು ಕುಡಿಸ್ತೀಯಾ, ಕುಡಿಸಿ ಜೈಲಿಗೆ ಹೋಗ್ತೀಯಾ ಅಂತ ಕೇಳಿದಳು. ನರಕ್ಕೆ ಸೂಜಿ ಹಾಕಿ ಹೆಬ್ಬೆರಳಿನಿಂದ ಸಣ್ಣ ಚಕ್ರ ತಿರುಗಿಸಿ ತಾನೇ ಔಷಧಿ ಬಿಟ್ಟುಕೊಳ್ಳುವ ಏರ್ಪಾಡೂ ಇದೆ ಅಂತ ಸಂಘದವರು ಹೇಳಿದ್ದನ್ನು ನೆನಪು ಮಾಡಿದೆ. ಅವಳು, ನಲ್ಲಿ ತಿರುಗಿಸಿ ಬಂದ್ ಮಾಡೋಕೆ ನಾನೇನು ಬಾಯ್ಲರಾ, ಹೆಬ್ಬೆರಳು ಜೂನ್ ತನಕ ಇರುತ್ತೆ ಅಂತ ನಿಂಗೆ ಯಾರು ಹೇಳಿದ್ರು ಅಂದಳು. ಆಮೇಲೆ, ನಿಂಗೋಸ್ಕರನೇ ಇಷ್ಟು ದಿನ ತಳ್ಳಿದ್ದು ಕಣೋ ಅಂತ ಮೆಲ್ಲಗೆ ಹೇಳಿದಳು. ಕಾನೂನು ಇನ್ನೊಂದು ಥರ ಇದ್ದಿದ್ದರೆ ಅವಳು ಇನ್ನೂ ಕೆಲವು ತಿಂಗಳು ಇರುತ್ತಿದ್ದಳು ಅಂತ ನನ್ನ ಅನಿಸಿಕೆ. ತಪ್ಪಿದ್ದರೆ ಕ್ಷಮಿಸಬೇಕು, ನನಗೆ ಕಾನೂನು ಗೊತ್ತಿಲ್ಲ.

ಇಂದು ಬೆಳಿಗ್ಗೆ 8.40ರ ಬಸ್ಸಿಗೆ ಸಲೋಮೆಯ ತಂಗಿ ಆಗಾಥಾ ಬಂದಳು. ಇವಳು ಮದುವೆಯಾಗಿ ಕ್ಯಾಥೊಲಿಕ್ ಆದವಳು. ಇದಕ್ಕೆ ಮೊದಲಿನಿಂದಲೂ ವಿರೋಧ, ಬರುವುದಿಲ್ಲ ಅಂದಿದ್ದಳು. ಬಂದವಳು ಕೋಟು ಕೂಡ ಬಿಚ್ಚದೆ ಅಕ್ಕನ ಎದುರು ಕೂತು, ದೇವರು ಕೊಟ್ಟ ಜೀವ ಅಕ್ಕಾ, ಅವನು ಕೇಳೋಕೆ ಮುಂಚೆ ವಾಪಸ್ ಕೊಡೋಕೆ ನೀನ್ಯಾರೇ ಅಂದಳು. ಸಲೋಮೆ, ಅವನೇ ಶುರು ಮಾಡಿದಾನೆ ಕಣೇ, ಕೈ ತಗೊಂಡ, ಕಾಲು ತಗೊಂಡ, ಕಂತಲ್ಲಿ ತಗೋತಿದಾನೆ, ಬಾಕಿ ನಾನೇ ಒಟ್ಟಿಗೆ ಕೊಟ್ಬಿಡ್ತೀನಿ ಅಂದಳು. ಆಗಾಥಾ ಅತ್ತಳು. ಸಲೋಮೆ, ಅಳೋದಾದ್ರೆ ಮೊದಲು ಕೋಟು ಬಿಚ್ಚು, ನೆಲ ಎಲ್ಲಾ ಒದ್ದೆ ಆಗ್ತಿದೆ ಅಂದಳು. ಆಗಾಥಾ ಕೋಟು ಬಿಚ್ಚಿದಳು.

10 ಗಂಟೆಗೆ ಸಂಘದಿಂದ ಜೊತೆಗಾರ್ತಿ ಶ್ರೀಮತಿ ಶ್ಟ್ರೈಫ್ ಬಂದರು. ಮೊದಲಿನ ಎರಡು ಸಲ ಬಂದಿದ್ದವರೂ ಇವರೇ. ಇದು ಬೇಡ ಅನ್ನಿಸಿದರೆ ಈಗಲೂ ನಾನು ಬ್ಯಾಗ್ ತಗೊಂಡು ಹೊರಟುಬಿಡ್ತೀನಿ, ಯಾರಿಗೂ ಬೇಜಾರಿಲ್ಲ ಅಂತ ಅವರು ಸಲೋಮೆಗೆ ಹೇಳಿದರು. ನಾನು ಬಾಗಿಲ ಹತ್ತಿರ ನಿಂತು ಅವಳ ಬಾಯಿಯನ್ನೇ ನೋಡುತ್ತಿದ್ದೆ. ಅವಳು ಬೇಡ ಅನ್ನಲಿಲ್ಲ. ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಲು ಅವಳಿಗೆ ಬಹಳ ಹೊತ್ತು ಹಿಡಿಯಿತು, ಆದರೆ ತಾನೇ ಹಾಕಿದಳು. ಶ್ರೀಮತಿ ಶ್ಟ್ರೈಫ್ ತಮ್ಮ ಫೋನನ್ನು ಸಕ್ಕರೆ ಡಬ್ಬಿಗೆ ಆನಿಸಿ ನಿಲ್ಲಿಸಿ, ಇಲ್ಲಿಂದ ನಡೆಯುವುದೆಲ್ಲ ಇದರಲ್ಲಿ ದಾಖಲಾಗುತ್ತೆ ಅಂತ ತಿಳಿಸಿದರು.

ಮೊದಲು ವಾಂತಿಯಾಗದಂತೆ ಹನಿ ಕೊಟ್ಟರು. ಇದಾದ ಮೇಲೆ ಅರ್ಧ ಗಂಟೆ ಕಾಯಬೇಕು. ಆ ಅರ್ಧ ಗಂಟೆ ಸುಮ್ಮನೆ ಮುಖ ಮುಖ ನೋಡ್ಕೊಂಡು ಕೂರೋಕೆ ನನ್ನಿಂದಾಗಲ್ಲ, ನಾಲ್ಕು ಜನ ಇದೀವಿ, ಇಸ್ಪೀಟ್ ಎಲೆ ತನ್ನಿ ಅಂತ ಸಲೋಮೆ ಹೇಳಿದಳು. ನಮ್ಮ ಕಡೆ ನಾಲ್ಕು ಜನ ಸೇರಿದರೆ ಯಾಸ್ ಆಟ ಆಡದೆ ಏಳುವುದಿಲ್ಲ. ಸಲೋಮೆಗೆ ಶ್ರೀಮತಿ ಶ್ಟ್ರೈಫ್ ಜೊತೆ, ನನಗೆ ಆಗಾಥಾ ಜೊತೆ. ಸಲೋಮೆಯ ಎಲೆಗಳನ್ನು ಮರದ ಪಟ್ಟಿಗೆ ಸಿಕ್ಕಿಸಿ ಇಟ್ಟಿದ್ದೆವು, ಅವಳು ಬೆರಳಿನಿಂದ ಬೀಳಿಸುತ್ತಿದ್ದಳು. ಶ್ರೀಮತಿ ಶ್ಟ್ರೈಫ್ ಕೈಯಲ್ಲಿ ದೊಡ್ಡ ತುರುಫು ಇಟ್ಟುಕೊಂಡು ಸಣ್ಣ ಎಲೆ ಇಳಿಸಿದರು. ಸಲೋಮೆ, ಅಯ್ಯೋ, ಅದನ್ನ ಯಾರ ಮದುವೆಗೆ ಇಟ್ಕೊಂಡಿದ್ರಿ, ಸಾಯ್ಸೋಕೆ ಬರೋರು ಆಟ ಆದ್ರೂ ಕಲ್ತು ಬರಬಾರದಾ ಅಂದಳು. ಶ್ರೀಮತಿ ಶ್ಟ್ರೈಫ್ ಕೆಂಪಾಗಿ, ನಾನು ಸಾಯ್ಸೋಕೆ ಬಂದಿಲ್ಲಮ್ಮ, ಜೊತೆಗಿರೋಕೆ ಬಂದಿದೀನಿ ಅಂದರು. ಹಾಗಾದ್ರೆ ಆಟದಲ್ಲೂ ಜೊತೆಗಿರಿ ಅಂತ ಸಲೋಮೆ. ಆಗಾಥಾಗೆ ನಗು ತಡೆಯಲಾಗಲಿಲ್ಲ. ನಕ್ಕ ತಪ್ಪಿಗೆ ಶಿಲುಬೆ ಗುರುತು ಮಾಡಿಕೊಂಡಳು. ಆಟ ನಾವು ಗೆದ್ದೆವು. ನಾನು ಸೋಲಬಹುದಿತ್ತು, ಆ ಹೊತ್ತಿನಲ್ಲಿ ಹೊಳೆಯಲಿಲ್ಲ.

11 ಗಂಟೆ ಸುಮಾರಿಗೆ ಶ್ರೀಮತಿ ಶ್ಟ್ರೈಫ್ ಅಡುಗೆಮನೆಯಲ್ಲಿ ಔಷಧಿ ಕಲಸಿ ಗ್ಲಾಸಿನಲ್ಲಿ ತಂದು ಸಲೋಮೆಯ ಮುಂದಿಟ್ಟರು. ಕೊಳವೆ ಹಾಕಿಕೊಡಲೇ ಅಂತ ಕೇಳಿದರು. ಸಲೋಮೆ, ಅದು ಮಕ್ಕಳು ಜ್ಯೂಸ್ ಹೀರೋಕೆ, ನಾನು ಎತ್ತೇ ಕುಡಿಯೋದು ಅಂದಳು. ಔಷಧಿ ಬಹಳ ಕಹಿ, ಮೇಲೆ ಸಿಹಿ ಏನಾದರೂ ಬಾಯಿಗೆ ಹಾಕಿಕೊಳ್ಳಬಹುದು ಅಂದಿದ್ದರಿಂದ ನಾನು ಪ್ಲಮ್ ಹಣ್ಣಿನ ಪಾಕವನ್ನು ಚಮಚದಲ್ಲಿ ಸಿದ್ಧ ಇಟ್ಟಿದ್ದೆ. ಆಗ ಸಲೋಮೆ, ನಾನೊಬ್ಬಳೇ ಕುಡಿಯೋದು, ನೀವು ಕೈ ಕಟ್ಕೊಂಡು ನೋಡೋದು ಮರ್ಯಾದೆ ಅಲ್ಲ, ನೀವೂ ಒಂದೊಂದು ಗ್ಲಾಸ್ ವೈನ್ ತಗೊಳ್ಳಿ ಅಂದಳು. ನಾನು ನನಗೂ ಆಗಾಥಾಗೂ ಬಿಳಿ ವೈನ್ ಸುರಿದೆ. ಶ್ರೀಮತಿ ಶ್ಟ್ರೈಫ್ ಕೆಲಸದ ಮೇಲಿದ್ದೇನೆ ಅಂತ ನೀರು ತೆಗೆದುಕೊಂಡರು.

ಅವರು ಕೊನೆಯ ಸಲ ಕೇಳಿದರು: ಸಲೋಮೆ ಹೆಫ್ಟಿಯವರೇ, ಇದನ್ನ ಕುಡಿದ್ರೆ ಏನಾಗುತ್ತೆ ಅಂತ ಗೊತ್ತಾ? ಸಲೋಮೆ, ನಿದ್ದೆ ಬರುತ್ತೆ, ಆಮೇಲೆ ಸಾಯ್ತೀನಿ ಅಂದಳು. ನಾಲಿಗೆ ದಪ್ಪವಾಗಿತ್ತು, ಆದರೆ ಮಾತು ಸ್ಪಷ್ಟವಾಗಿತ್ತು.

ಇಲ್ಲಿ ನನ್ನಿಂದ ತಪ್ಪಾಯಿತು. ಅವಳು ಎರಡು ಕೈಯಿಂದ ಗ್ಲಾಸ್ ಹಿಡಿದು ಎದೆಯ ಮಟ್ಟಕ್ಕೆ ಎತ್ತಿದಳು. ಅವಳು ಎತ್ತಿದ್ದನ್ನು ಕಂಡು ನನ್ನ ಕೈ ತಾನಾಗಿ ನನ್ನ ಗ್ಲಾಸ್ ಎತ್ತಿತು. ಮೇಜಿನಲ್ಲಿ ಯಾರಾದರೂ ಗ್ಲಾಸ್ ಎತ್ತಿದರೆ ಕಣ್ಣಲ್ಲಿ ಕಣ್ಣಿಟ್ಟು, ಹೆಸರು ಹೇಳಿ, ಗ್ಲಾಸಿಗೆ ಗ್ಲಾಸ್ ತಾಗಿಸದೆ ಕುಡಿಯುವುದು ನಮ್ಮಲ್ಲಿ ಒರಟುತನ. ಚಿಕ್ಕಂದಿನಿಂದ ಬಂದ ಅಭ್ಯಾಸ, ಯೋಚನೆ ಬರುವ ಮೊದಲೇ ಕೈ ಹೋಗುತ್ತದೆ. ನಾನು ಸಲೋಮೆ ಅಂತ ಅಂದು ಅವಳ ಗ್ಲಾಸಿಗೆ ನನ್ನ ಗ್ಲಾಸ್ ತಾಗಿಸಿದೆ. ಆರೋಗ್ಯಕ್ಕೆ ಅಂತ ಕೂಡ ಅಂದೆನೋ ಏನೋ, ಅಂದಿದ್ದರೆ ನನ್ನ ಬಾಯಿಗಿಷ್ಟು ಮಣ್ಣು. ಮೆಲ್ಲಗೇ ತಾಗಿಸಿದ್ದು. ಆದರೆ ಅವಳ ಕೈಯಲ್ಲಿ ಅಷ್ಟನ್ನು ತಡೆಯುವ ಬಲವೂ ಇರಲಿಲ್ಲ. ಗ್ಲಾಸ್ ವಾಲಿತು. ಸ್ವಲ್ಪ ಔಷಧಿ ಮೇಜಿನ ಹೊದಿಕೆಯ ಮೇಲೆ ಚೆಲ್ಲಿತು. ಆಗಾಥಾ, ಭಾವಾ ಅಂತ ಕೂಗಿದಳು. ನಾನು ನನ್ನ ಗ್ಲಾಸ್ ಬಿಟ್ಟು ಬಲಗೈಯನ್ನು ಅವಳ ಗ್ಲಾಸಿನ ತಳಕ್ಕೆ ಕೊಟ್ಟೆ. ಹೆಫ್ಟಿಯವರೇ, ಕೈ, ಕೈ ಅಂತ ಶ್ರೀಮತಿ ಶ್ಟ್ರೈಫ್ ಹೇಳಿದ್ದು ಕೇಳಿಸಿತು.

ಇದರ ನಂತರ ನನ್ನ ನೆನಪಿನಲ್ಲಿರುವುದು ಇಷ್ಟು. ಗ್ಲಾಸಿನ ತಳ ನನ್ನ ಅಂಗೈಯಲ್ಲಿತ್ತು. ಅದು ಮೇಲಕ್ಕೆ ಹೋಯಿತು. ಅವಳು ಕುಡಿದಳು. ನನ್ನ ಕೈ ಕೊನೆಯ ತನಕ ಅಲ್ಲೇ ಇತ್ತು. ನಾನು ಮೇಲಕ್ಕೆ ಎತ್ತಿಕೊಟ್ಟೆನೋ, ಬೇಡ ಅಂತ ಕೆಳಕ್ಕೆ ಹಿಡಿದೆನೋ, ಎರಡರಲ್ಲಿ ಯಾವುದು ಅಂತ ಅಧಿಕಾರಿಯವರು ಕೇಳಿದರು. ಆಣೆ ಮಾಡಿ ಹೇಳು ಅಂದರೂ ನನಗೆ ಹೇಳಲಾಗುವುದಿಲ್ಲ.

ಕುಡಿದ ಮೇಲೆ ನಾನು ಪ್ಲಮ್ ಪಾಕದ ಚಮಚ ಅವಳ ಬಾಯಿಗಿಟ್ಟೆ. ಇದಕ್ಕೆ ಕಾನೂನಿನಲ್ಲಿ ತೊಂದರೆ ಇಲ್ಲ ಅಂತ ಶ್ರೀಮತಿ ಶ್ಟ್ರೈಫ್ ಹೇಳಿದ್ದರು. ಅವಳು, ಥೂ, ಹುಳಿ, ಸಕ್ಕರೆ ಕಮ್ಮಿ ಹಾಕಿದೀಯ ಅಂದಳು. ಎರಡು ಮೂರು ನಿಮಿಷದಲ್ಲಿ ತಲೆ ಕುರ್ಚಿಯ ದಿಂಬಿಗೆ ಒರಗಿತು. ಆಗಾಥಾ ಜಪಮಾಲೆ ತೆಗೆದು ಅಕ್ಕನ ಕೈ ಹಿಡಿದುಕೊಂಡಳು. 11.24ಕ್ಕೆ ಉಸಿರು ನಿಂತಿದೆ ಅಂತ ಶ್ರೀಮತಿ ಶ್ಟ್ರೈಫ್ ಹೇಳಿ, ನಿಯಮದ ಪ್ರಕಾರ ತಾವೇ ಪೊಲೀಸರಿಗೆ ಫೋನ್ ಮಾಡಿದರು.

ಪೊಲೀಸರು ಬರುವ ತನಕ ಏನನ್ನೂ ಮುಟ್ಟಬಾರದು ಅಂದಿದ್ದರಿಂದ ನಾನು ಹೊರಗೆ ಸೌದೆ ಒಟ್ಟಿದ ಕಡೆ ನಿಂತಿದ್ದೆ. ಆಗಾಥಾ ಅಲ್ಲಿಗೆ ಬಂದು, ಭಾವ, ನಿಮ್ಮ ಕೈ ಗ್ಲಾಸಿನ ಕೆಳಗೆ ಹೋಗಿದ್ದನ್ನ ನಾನು ನೋಡಿದೀನಿ, ಕೇಳಿದ್ರೆ ಸುಳ್ಳು ಹೇಳಲ್ಲ, ನನ್ನ ಮೇಲೆ ಕೋಪ ಮಾಡ್ಕೋಬೇಡಿ ಅಂದಳು. ನಾನು, ಕೇಳೋಕೆ ಮುಂಚೆ ನಾನೇ ಹೇಳ್ತೀನಿ ಅಂದೆ. ಅವಳು ನನ್ನ ಕೋಟಿನ ಕಾಲರ್ ಮೇಲೆತ್ತಿ ಒಳಗೆ ಹೋದಳು.

12.30ರ ಹೊತ್ತಿಗೆ ಅಧಿಕಾರಿಯವರು, ಸರ್ಕಾರಿ ವೈದ್ಯರು ಬಂದರು. ಹೆಂಡತಿ ಸತ್ತಿದ್ದರಿಂದ ನಿಮಗೆ ಏನಾದರೂ ಲಾಭ ಇದೆಯಾ ಅಂತ ಅಧಿಕಾರಿಯವರು ಕೇಳಿದರು. ಸ್ವಂತ ಲಾಭಕ್ಕೆ ನೆರವಾದವರಿಗೆ ಶಿಕ್ಷೆ ಇದೆ, ಆದ್ದರಿಂದ ಎಲ್ಲರನ್ನೂ ಕೇಳುತ್ತೇವೆ ಅಂದರು. ಮನೆ ಮೊದಲಿನಿಂದ ಇಬ್ಬರ ಹೆಸರಿನಲ್ಲಿದೆ. ಬೇರೆ ಆಸ್ತಿ ಇಲ್ಲ. ಆದರೆ ಯೋಚನೆ ಮಾಡಿದಾಗ ಒಂದು ವಿಷಯ ಇದೆ. ಕಳೆದ ವರ್ಷದಿಂದ ನಾನು ರಾತ್ರಿ ಪದೇ ಪದೇ ಎದ್ದು ಅವಳ ಮಗ್ಗುಲು ಬದಲಿಸುತ್ತಿದ್ದೆ. ಇವತ್ತು ರಾತ್ರಿ ನನ್ನನ್ನು ಯಾರೂ ಎಬ್ಬಿಸುವುದಿಲ್ಲ. ಇದು ಲಾಭದ ಲೆಕ್ಕಕ್ಕೆ ಬರುತ್ತದೆಯೇ ಅಂತ ನಾನು ಕೇಳಿದೆ. ಅಧಿಕಾರಿಯವರು ಪೆನ್ನು ಕೆಳಗಿಟ್ಟು, ಬರಲ್ಲ ಹೆಫ್ಟಿಯವರೇ ಅಂದರು. ಬರದಿದ್ದರೂ ಬರೆದುಕೊಳ್ಳಿ ಅಂತ ಕೇಳಿಕೊಂಡಿದ್ದರಿಂದ ಬರೆದಿದ್ದಾರೆ.

ನಂತರ ಅಧಿಕಾರಿಯವರು ಫೋನಿನಲ್ಲಿ ದಾಖಲಾದ ಚಿತ್ರವನ್ನು ಮೊದಲು ತಾವು ನೋಡಿ, ಆಮೇಲೆ ನನ್ನನ್ನು ಕೂರಿಸಿ ತೋರಿಸಿದರು. ಅದರಲ್ಲಿ ಕಂಡದ್ದು ನಾನು ಮೇಲೆ ಹೇಳಿದ್ದಕ್ಕಿಂತ ಬೇರೆ ಇದೆ. ಗ್ಲಾಸ್ ತಾಗಿಸಿದ್ದು, ಚೆಲ್ಲಿದ್ದು, ಕೈ ಕೊಟ್ಟಿದ್ದು ಎಲ್ಲ ಹೌದು. ಆದರೆ ಶ್ರೀಮತಿ ಶ್ಟ್ರೈಫ್ ಕೈ ಅಂದ ಕೂಡಲೇ ಸಲೋಮೆ ಕುಡಿಯದೆ ಗ್ಲಾಸನ್ನು ಮೇಜಿನ ಮೇಲೆ ಇಳಿಸುತ್ತಾಳೆ. ಬಿಡು ಕಾಸ್ಪರ್, ನಂಗೆ ಬರುತ್ತೆ ಅನ್ನುತ್ತಾಳೆ. ನಾನು ಕೈ ತೆಗೆಯುತ್ತೇನೆ. ಈ ಮಾತು ಅವಳು ಆಡಿದ್ದು ನನ್ನ ನೆನಪಿನಲ್ಲಿ ಒಂಚೂರೂ ಇಲ್ಲ. ಆಮೇಲೆ ಅವಳು ಎರಡು ಕೈಯಿಂದ ಗ್ಲಾಸ್ ಎತ್ತಿ, ಗದ್ದಕ್ಕೆ ಆನಿಸಿಕೊಂಡು, ನಡುವೆ ಒಂದು ಸಲ ನಿಲ್ಲಿಸಿ, ಪೂರ್ತಿ ಕುಡಿಯುತ್ತಾಳೆ. ಕುಡಿಯುವಷ್ಟು ಹೊತ್ತೂ ನನ್ನ ಕಡೆಗೇ ನೋಡುತ್ತಿದ್ದಾಳೆ. ನಾನು ತಲೆ ಬಗ್ಗಿಸಿಕೊಂಡು ಚೆಲ್ಲಿದ್ದನ್ನು ಅಂಗಿಯ ತೋಳಿನಿಂದ ಒರೆಸುತ್ತಿದ್ದೇನೆ.

ಅಧಿಕಾರಿಯವರು, ನಿಮ್ಮ ಮೇಲೆ ಏನೂ ಬರಲ್ಲ, ನೆಮ್ಮದಿಯಾಗಿರಿ ಅಂದರು. ನಾನು ಇನ್ನೊಂದು ಸಲ ತೋರಿಸಿ ಅಂದೆ. ತೋರಿಸಿದರು. ಆಗಲೂ ಹಾಗೇ ಇತ್ತು. ಕೊಲೆ ಅಂತಾದರೂ ಆಗಲಿ, ಗ್ಲಾಸನ್ನು ಇಬ್ಬರೂ ಹಿಡಿದಿದ್ದೆವು ಅಂತ ನಾನು ಇಷ್ಟು ಹೊತ್ತು ಅಂದುಕೊಂಡಿದ್ದೆ. ಹಾಗೆ ನಡೆದಿಲ್ಲ. ಸಲೋಮೆ ಒಬ್ಬಳೇ ಕುಡಿದಿದ್ದಾಳೆ. ಮೇಲಿನ ನನ್ನ ಮಾತಿಗೂ ಚಿತ್ರಕ್ಕೂ ವ್ಯತ್ಯಾಸ ಇರುವ ಕಡೆ ಚಿತ್ರದಲ್ಲಿರುವುದನ್ನೇ ಸರಿ ಎಂದು ಹಿಡಿಯಬೇಕು. ನನ್ನ ತಕರಾರಿಲ್ಲ.

ಈ ಹೇಳಿಕೆಯನ್ನು ಯಾರ ಹೆದರಿಕೆಯೂ ಇಲ್ಲದೆ ಕೊಟ್ಟಿದ್ದೇನೆ. ಅಧಿಕಾರಿಯವರು ಗಟ್ಟಿಯಾಗಿ ಓದಿದರು, ಕೇಳಿಸಿಕೊಂಡೆ, ನಡೆದದ್ದು ನಡೆದ ಹಾಗೆ ಇದೆ.

ಸ್ಥಳ: ಹಿಂಟರ್‌ಬಾಖ್, ನನ್ನ ಮನೆಯ ಅಡುಗೆಮನೆ
ದಿನಾಂಕ: 14 ಮಾರ್ಚ್ 2019, ಮಧ್ಯಾಹ್ನ 3.15

(ಸಹಿ) ಕಾಸ್ಪರ್ ಹೆಫ್ಟಿ

ನನ್ನ ಸಮಕ್ಷಮ
(ಸಹಿ) ಮಾರ್ಟಿ, ಪೊಲೀಸ್ ಅಧಿಕಾರಿ