ಹೊಸ ಪ್ರೋಗ್ರಾಮಿಗೆ ಬಾರದ ಪತ್ರ

“ಹಳೇ ಇ-ಮೇಲ್ ಪ್ರೋಗ್ರಾಮ್ ತಗದು ಹೊಸಾದು ಯಾಕ ಹಾಕಿಸಿದ್ರಿ, ಫಕ್ಕೀರೇಶಣ್ಣ?”

ಬ್ಯಾಡಗಿ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಕೇಳಿದವಳು ನೀಲಗಂಗವ್ವ, ಮೆಣಸಿನಕಾಯಿ ದಲಾಲಿ ಅಂಗಡಿಯ ಟೈಪಿಸ್ಟ್. ಫಕ್ಕೀರೇಶ ಅಲ್ಲಿಯ ಮ್ಯಾನೇಜರ್.

“ಹೊಸಾದು ಲಗೂ ನಡೀತೈತಿ. ವಿಳಾಸ ಎಲ್ಲಾ ಬಂದಾವಲ್ಲ.”

“ವಿಳಾಸ ಬಂದಾವ. ‘ಕಾಯಿಗೆ ನೀರು ಹೊಡಿಸು, ತೂಕ ಬರ್ತೈತಿ’ ಅಂತ ರಾಣೆಬೆನ್ನೂರಿಂದ ನೀವು ನನಗ ಬರೆದ ಪತ್ರ ಬಂದಿಲ್ಲ.”

“ಹಳೇ ಪತ್ರ ಯಾವೂ ಬಂದಿಲ್ಲ, ತಂಗಿ.”

“ಬೂಸ್ಟು ಹಿಡಿದು ಮಾಲು ತಿರುಗಿ ಬಂತು. ನೀರು ಹೊಡಿಸಂತ ನೀವ ಬರೆದಿದ್ರಿ ಅಂದೆ; ಅಂಗಡಿ ಸಾವ್ಕಾರ್ರು ಪತ್ರ ತೋರಸು ಅಂದ್ರು. ಏನ್ ತೋರಸ್ಲಿ? ಕೆಲಸಾ ಬಿಡಿಸ್ಯಾರ.”

“ಹಾವೇರ್ಯಾಗ ಬ್ಯಾರೆ ಕೆಲಸ ನೋಡೂಣು.”

“ಅಣ್ಣಾ ಅಂತ ನಂಬಿದ್ನಲ್ರಿ ನಿಮ್ಮನ್ನ.”

ಬಸ್ಸು ಬಂತು. ಅವನು ಕಿಟಕಿಯೊಳಗೆ ಟವೆಲ್ ಎಸೆದು ಅವಳಿಗೆ ಸೀಟು ಹಿಡಿದ. ನೀಲಗಂಗವ್ವ ಹತ್ತಿ, ಟವೆಲ್ ಮಡಚಿ ಕಿಟಕಿಯಿಂದ ಅವನ ಕೈಗಿಟ್ಟು, ಹಿಂದೆ ಹೋಗಿ ಕಂಬಿ ಹಿಡಿದು ನಿಂತಳು.