ಸಾವಿನ್ ಹಬ್ಬದ ಬಾಗಿಲು

ಅಕ್ಟೋಬರ್ ಮೂವತ್ತೊಂದರ ಸಂಜೆ ಕೊಲ್ಲಿ ನಾಡಿನ ನಮ್ಮ ರಿಗ್ಗೈ ಬಡಾವಣೆಯಲ್ಲಿ ವರ್ಷದ ಮೊದಲ ಮಳೆ ಸುರಿಯಿತು. ರಸ್ತೆಯಲ್ಲಿ ನೀರು ನಿಂತು ಮಕ್ಕಳ ಹ್ಯಾಲೋವೀನ್ ಪಾರ್ಟಿ ರದ್ದಾಯಿತು. ವೇಷ ಕಳಚದೆ ಎಲ್ಲರೂ ನಮ್ಮ ಮನೆಯಲ್ಲೇ ಕುಳಿತರು. ಪಕ್ಕದ ಫ್ಲ್ಯಾಟಿನ ಕಾರ್ಮೆಲ್ ಆಂಟಿ, ನಿವೃತ್ತ ನರ್ಸ್, ಕರೆಯದೆಯೇ ಬಂದವರು, ಆ ಬಣ್ಣದ ಮುಖಗಳನ್ನು ನೋಡಿ ನಗಲಿಲ್ಲ.

"ಈ ಹಬ್ಬ ಎಲ್ಲಿಯದ್ದು ಗೊತ್ತುಂಟಾ ಮಕ್ಕಳೇ? ಆರು ವರ್ಷದ ಹಿಂದೆ ಇಲ್ಲಿಯ ಆಸ್ಪತ್ರೆಯ ಹಾಸ್ಟೆಲಿನಲ್ಲಿ ನನ್ನ ರೂಮಲ್ಲಿ ಮೋರಿನ್ ಅಂತ ಐರ್ಲೆಂಡಿನ ನರ್ಸ್ ಇದ್ದಳು. ಅವರ ಭಾಷೆಯಲ್ಲಿ ಇದಕ್ಕೆ 'ಸಾವಿನ್' ಅಂತಾರೆ. ನನಗೆ ನಮ್ಮ 'ಸಾವು' ಅಂತಲೇ ಕೇಳಿಸಿತ್ತು... ಐನೂರು ಆರುನೂರು ವರ್ಷದ ಹಿಂದೆ, ನಮ್ಮಲ್ಲಿ ಪಾಳೆಗಾರರಿದ್ದ ಕಾಲದಲ್ಲಿ, ಅವರ ಊರಿನಲ್ಲಿ ಗುಡ್ಡದ ದನಗಳನ್ನೆಲ್ಲ ಹಟ್ಟಿಗೆ ತಂದು, ಬೆಂಕಿ ಹಾಕಿ, ಆ ಸಂಜೆ ಯಾರೂ ಬಾಗಿಲಿಗೆ ಚಿಲಕ ಹಾಕ್ತಿರಲಿಲ್ಲವಂತೆ. ಯಾಕೆ? ಸತ್ತವರು ಮನೆಗೆ ಬರ್ತಾರಲ್ಲ, ಅದಕ್ಕೆ.

ಮೋರಿನ್‌ಗೆ ಊರಲ್ಲಿ ಒಂದು ಮಗು ಇತ್ತು. ನಡೆಯಲಿಕ್ಕೆ ಕಲಿತು ತಿಂಗಳಾಗಿತ್ತಷ್ಟೆ, ಕೆರೆಗೆ ಬಿದ್ದು ತೀರಿಹೋಯ್ತು... ಆ ವರ್ಷ ಈ ಹಬ್ಬದ ದಿನ ಅವಳಿಗೆ ಸಂಜೆ ಡ್ಯೂಟಿ. ಮೇಜಿನ ಮೇಲೆ ಒಂದು ಲೋಟ ಹಾಲಿಟ್ಟು, ನನ್ನ ಕೈ ಹಿಡಿದು, 'ಕಾರ್ಮೆಲ್, ನಾನು ಬರುವ ತನಕ ಬಾಗಿಲು ಹಾಕಬೇಡ' ಅಂದಳು. ಹಾಕುವುದಿಲ್ಲ ಅಂತ ಮಾತು ಕೊಟ್ಟೆ. ಆದರೆ ಸೂರ್ಯ ಮುಳುಗಿ ಮಸೀದಿಯಲ್ಲಿ ಮಗ್ರಿಬ್ ಬಾಂಗ್ ಆಗುವಾಗ ಎಂಥ ಗಾಳಿಮಳೆ ಅಂತೀರಿ! ಕಾರಿಡಾರಿನ ಲೈಟು ಹೋಯ್ತು. ಹೆದರಿ ಚಿಲಕ ಹಾಕಿಬಿಟ್ಟೆ...

ಆಗ ಬಡಿದದ್ದು. ಎಲ್ಲಿ? ಬಾಗಿಲಿನ ಕೆಳಗೆ, ನನ್ನ ಮೊಣಕಾಲಿನ ಎತ್ತರದಲ್ಲಿ. ಪುಟ್ಟ ಕೈ. ಬಡಿದೂ ಬಡಿದೂ ಅಳಲಿಕ್ಕೆ ಶುರು ಮಾಡಿತು... ಆಗಲೂ ತೆಗೆಯಲಿಲ್ಲ ನಾನು. ಸದ್ದು ನಿಂತ ಮೇಲೆ ಹಾಲನ್ನು ಸಿಂಕಿಗೆ ಚೆಲ್ಲಿ, ಚಿಲಕ ತೆಗೆದಿಟ್ಟೆ.

ಮೋರಿನ್ ಬಂದವಳೇ ಖಾಲಿ ಲೋಟ ನೋಡಿದಳು. 'ಬಂದಿತ್ತಾ?' ಅಂದಳು. 'ಬಂತು, ಕುಡಿದು ಹೋಯ್ತು' ಅಂದೆ. ಲೋಟವನ್ನು ಎದೆಗೊತ್ತಿಕೊಂಡು ಅತ್ತಳು. ಮತ್ತೆ ಸಮಾಧಾನದಲ್ಲಿ ಊರಿಗೆ ಹೋದಳು. ಹೊಟ್ಟೆ ತುಂಬಿದ ಮಗು ಇನ್ನು ಬರುವುದಿಲ್ಲ ಅಂತ ಅವಳ ನಂಬಿಕೆ. ಆಮೇಲೆ ಅವಳು ಬಾಗಿಲು ತೆರೆದಿಟ್ಟದ್ದೇ ಇಲ್ಲ."

ಹಾಗಾದರೆ ಆ ಮಗು ಎಲ್ಲಿ ಹೋಯಿತು ಎಂದು ನನ್ನ ಮಗಳು ಅಲಿಶಾ ಇಂಗ್ಲಿಷಿನಲ್ಲಿ ಕೇಳಿದಳು.

"ಎಲ್ಲಿಗೆ ಹೋಗ್ತದೆ ಮಗಾ? ಮಾತು ಕೊಟ್ಟವಳು ನಾನಲ್ವಾ... ಹಾಸ್ಟೆಲ್ ಬಿಟ್ಟು ಇಲ್ಲಿಗೆ ಬಂದೆ, ಅದೂ ಬಂತು. ಪ್ರತಿ ವರ್ಷ ಇದೇ ಸಂಜೆ ಬಡೀತದೆ. ಮಕ್ಕಳು ಬೆಳೀತಾರಲ್ಲ? ಬಡಿಯುವುದೂ ವರ್ಷ ವರ್ಷ ಸ್ವಲ್ಪ ಮೇಲೆ, ಸ್ವಲ್ಪ ಮೇಲೆ... ಹೋದ ವರ್ಷ ಹಿಡಿಕೆ ತಿರುಗಿತು.

ಮತ್ತೆ ಇವತ್ತು ನಾನು ನನ್ನ ಮನೆ ಬಿಟ್ಟು ನಿಮ್ಮಲ್ಲಿಗೆ ಯಾಕೆ ಬಂದೆ ಅಂತ ತಿಳಿದಿರಿ?"